ಗಂಟೆಯ ತಂದೆ

ಗಂಟೆಯ ಕುಲುಮೆ, ಮೋಸಾ ನದಿಯ ದಡ
ಸಂತ ಲೂಕರ ಹಬ್ಬದ ಮರುದಿನ, ಪ್ರಭುವಿನ ವರ್ಷ ೧೩೨೭

ಪ್ರೀತಿಯ ಓದಕ್ಕ,

ಮೊದಲು ಹೆಸರಿಗೆ ತಕ್ಕ ಕೆಲಸ ಮಾಡು: ಓದಕ್ಕ. ಅರ್ಧಕ್ಕೆ ಬಿಡದೆ ಕೊನೆಯ ಸಾಲಿನವರೆಗೂ ಓದಕ್ಕ.

ನಿಮ್ಮ ಮಠಕ್ಕೆ ಬಂದ ಕಾಗದಗಳನ್ನೆಲ್ಲ ಮಠ ನಡೆಸುವ ದೊಡ್ಡಮ್ಮನವರು ಊಟದ ಹೊತ್ತಿನಲ್ಲಿ ಕನ್ಯಾಸ್ತ್ರೀಯರೆಲ್ಲರ ಮುಂದೆ ಗಟ್ಟಿಯಾಗಿ ಓದಿಸುತ್ತಾರೆ ಎಂದು ನೀನೇ ಬರೆದಿದ್ದೆ. ಆದ್ದರಿಂದ ದೊಡ್ಡಮ್ಮನವರಿಗೆ ಮಂಡಿಯೂರಿ ನಮಸ್ಕಾರ. ಈ ಕಾಗದದಲ್ಲಿ ದೇವರು, ಗುರುಗಳು, ಗಂಟೆ ಮತ್ತು ಜ್ಞಾನಸ್ನಾನ ಬಿಟ್ಟರೆ ಬೇರೇನೂ ಇಲ್ಲ. ಒಬ್ಬ ಗಂಡಸು ಬರುತ್ತಾನೆ, ನಿಜ. ಆದರೆ ಅವನು ಹುಟ್ಟುವುದಕ್ಕೇ ಇನ್ನೂ ಏಳುನೂರು ವರ್ಷ ಇದೆ. ಹುಟ್ಟದವನಿಂದ ಯಾವ ಹೆಂಗಸಿಗೂ ಅಪಾಯವಿಲ್ಲ.

ನನ್ನ ಕಷ್ಟ ನಿನಗೆ ಗೊತ್ತೇ ಇದೆ. ಬರುವ ಸಂತ ಮಾರ್ಟಿನರ ಹಬ್ಬಕ್ಕೆ ನನ್ನ ರೆನಿಯೆ ಸತ್ತು ವರ್ಷವಾಗಿ ಮೇಲೊಂದು ದಿನವಾಗುತ್ತದೆ. ಎರಕದವರ ಸಂಘದ ಕಟ್ಟಳೆಯಂತೆ ಅಷ್ಟರೊಳಗೆ ನಾನು ಇನ್ನೊಬ್ಬನ ಕೈ ಹಿಡಿಯಬೇಕು. ಅವನು ಗಂಟೆ ಎರೆದವನಾಗಿರಬೇಕು, ಆ ಗಂಟೆಯನ್ನು ಸಂಘದ ಯಜಮಾನ ಒಪ್ಪಿರಬೇಕು. ಇಲ್ಲದಿದ್ದರೆ ಅಪ್ಪ ತೋಡಿದ ಎರಕದ ಗುಂಡಿ, ನೀನೂ ನಾನೂ ಮಣ್ಣು ತುಳಿದು ಬೆಳೆದ ಅಂಗಳ, ಎಲ್ಲ ಸಂಘದ ಪಾಲು. ಸಂಘದ ಯಜಮಾನ ಯಾರು? ಗೊಬೇರ್. ನನ್ನ ಕೈ ಹಿಡಿಯಲು ತುದಿಗಾಲಲ್ಲಿ ನಿಂತವನು ಯಾರು? ಅದೇ ಗೊಬೇರ್. ಬೇರೆ ಯಾರೂ ನನ್ನ ಬಾಗಿಲ ಕಡೆ ತಲೆ ಹಾಕಬಾರದೆಂದು ಸಂಘದ ಗಂಡಸರಿಗೆಲ್ಲ ಕಟ್ಟಪ್ಪಣೆ ಮಾಡಿದವನೂ ಅವನೇ. ದಿನಾ ಸಂಜೆ ಬಂದು ನಮ್ಮ ಗೋಡೆಗಳನ್ನು ತಟ್ಟಿ ನೋಡುತ್ತಿದ್ದ, ನನ್ನನ್ನು ಮಾತ್ರ ನೋಡುತ್ತಿರಲಿಲ್ಲ. ಅಚ್ಚಿನ ಮಣ್ಣಿಗೆ ಬೆರೆಸಲು ಕುದುರೆ ಗೊಬ್ಬರ ಬೇಕು, ಒಪ್ಪುತ್ತೇನೆ. ಮನೆಯೊಳಕ್ಕೂ ಗೊಬೇರ್ ಬೇಕೇ?

ಹೀಗಿರುವಾಗ, ಹುಲ್ಲು ಕೊಯ್ಯುವ ದಿನಗಳಲ್ಲಿ, ಒಬ್ಬ ಅಂಗಳಕ್ಕೆ ಬಂದ. ಕಾಲಿಗೆ ಅಂಟಿಕೊಂಡ ನೀಲಿ ಚಲ್ಲಣ, ಬಾಯಿ ತುಂಬ ಹಲ್ಲು. ನಿಜವಾಗಿಯೂ ತುಂಬ, ಒಂದೂ ಬಿದ್ದಿಲ್ಲ. ಸುತ್ತಲೂ ನೋಡಿ ಗಾಬರಿಯಿಂದ ಕೇಳಿದ:

“ಗಂಟೆ ಎಷ್ಟು?”

“ನಾಲ್ಕು,” ಎಂದೆ. “ಒಂದು ಬಿರುಕು ಬಿಟ್ಟಿದೆ. ನಿಮಗೆ ಯಾವ ಇಗರ್ಜಿಗೆ ಬೇಕಾಗಿತ್ತು?”

ಅವನು ಅಲ್ಲೇ ಕುಳಿತು ಅತ್ತ. ಹೆಸರು ಕೇಳಿದರೆ ಕೆವಿನ್ ಅಂದ. ಅದು ಯಾವ ಸಂತನ ಹೆಸರೋ ನಮ್ಮ ಗುರುಗಳಿಗೂ ಗೊತ್ತಿರಲಿಲ್ಲ. ಊರವರು ಕಿವಿಯಣ್ಣ ಎಂದರು. ಹೆಸರಷ್ಟೇ ಕಿವಿ, ಹೇಳಿದ್ದು ಒಂದೂ ಕೇಳಿಸಿಕೊಳ್ಳುವುದಿಲ್ಲ. ಎಲ್ಲಿಂದ ಬಂದೆ ಎಂದು ವಿಚಾರಿಸಿದರೆ, ಇದೇ ಊರಿನವನು, ಕಾಲದಲ್ಲಿ ಹಿಂದಕ್ಕೆ ನಡೆದು ಬಂದೆ ಎಂದ. ಕಾಲಲ್ಲಿ ಅಲ್ಲದೆ ಯಾರಾದರೂ ತಲೆಯಲ್ಲಿ ನಡೆಯುತ್ತಾರೆಯೇ ಎಂದು ನಾನು ರೇಗಿಸಿದೆ. ಅವನು ಇನ್ನಷ್ಟು ಅತ್ತ. ಆಮೇಲೆ ರೈ ರೊಟ್ಟಿ, ಹೊಗೆ ಹಾಕಿದ ಹಾವುಮೀನು ಕೊಟ್ಟೆ. ತಿಂದು ಸುಮ್ಮನಾದ. ಮಣ್ಣು ಇಡುವ ಕೊಟ್ಟಿಗೆಯಲ್ಲಿ ಮಲಗಲು ಜಾಗ ಮಾಡಿಕೊಟ್ಟೆ. ದೊಡ್ಡಮ್ಮನವರೇ, ಕೊಟ್ಟಿಗೆ ಮನೆಯಿಂದ ದೂರವಿದೆ. ಸಾಕಷ್ಟು ದೂರ.

ಅವನ ಹತ್ತಿರ ಅಂಗೈಯಗಲದ ಕರಿಯ ಗಾಜಿನ ಬಿಲ್ಲೆಯೊಂದಿದೆ. ಲೋಕದ ಜ್ಞಾನವೆಲ್ಲ ಅದರೊಳಗೆ ಇದೆಯಂತೆ, ಆದರೆ ಅದಕ್ಕೆ ಹಸಿವಾಗಿ ಸತ್ತುಹೋಗಿದೆಯಂತೆ. ಏನು ತಿನ್ನುತ್ತದೆ ಎಂದರೆ ಮಿಂಚು ಎಂದ. ನಾನು ಅದನ್ನು ಕನ್ನಡಿ ಮಾಡಿಕೊಂಡಿದ್ದೇನೆ. ಒಳ್ಳೆಯ ಕನ್ನಡಿ, ಮೂಗನ್ನು ಇದ್ದದ್ದಕ್ಕಿಂತ ಸಣ್ಣದಾಗಿ ತೋರಿಸುತ್ತದೆ.

ಮೊದಲ ವಾರವೇ ಅವನು ನಮ್ಮನ್ನೆಲ್ಲ ಉದ್ಧಾರ ಮಾಡಲು ಹೊರಟ. ಅವರ ಕಾಲದಲ್ಲಿ ಜನ ಆಕಾಶದಲ್ಲಿ ಹಾರುತ್ತಾರಂತೆ. ಹೇಗೆ ಹಾರುವುದು, ತೋರಿಸು ಎಂದರೆ, “ದುಡ್ಡು ಕೊಟ್ಟು ಒಳಗೆ ಕೂತ್ಕೊಳ್ಳೋದು” ಎಂದ. ಎಣ್ಣೆಯಿಲ್ಲದ ದೀಪವಿದೆಯಂತೆ. ಹೇಗೆ ಹಚ್ಚುವುದು ಎಂದರೆ, ಗೋಡೆ ಒತ್ತಬೇಕಂತೆ. ನಮ್ಮ ಕೆಲಸದ ಕೋಲಾರ್ ಎರಡು ದಿನ ಮನೆಯ ಗೋಡೆಗಳನ್ನೆಲ್ಲ ಒತ್ತಿ ನೋಡಿದ, ಉತ್ತರದ ಗೋಡೆ ಸ್ವಲ್ಪ ವಾಲಿತು ಅಷ್ಟೇ. ಇನ್ನು ಯಾವುದೋ ಗಡ್ಡೆಯನ್ನು ಬೆರಳುದ್ದ ಸೀಳಿ ಕೊಬ್ಬಿನಲ್ಲಿ ಎರಡು ಸಲ ಕರಿಯುತ್ತಾರಂತೆ, ಅದನ್ನು ನೆನೆದು ವಾರಕ್ಕೊಮ್ಮೆ ಕಣ್ಣೊರೆಸಿಕೊಳ್ಳುತ್ತಾನೆ. ಆ ಗಡ್ಡೆ ಇನ್ನೂ ಸಮುದ್ರದ ಆಚೆಗೇ ಇದೆಯಂತೆ. ನಮ್ಮಲ್ಲಿ ಸದ್ಯಕ್ಕೆ ಗಡ್ಡ ಮಾತ್ರ ಇದೆ ಎಂದು ಸಮಾಧಾನ ಹೇಳಿದೆ.

ಕಡೆಗೆ ಅವನಿಗೆ ಅರ್ಧಂಬರ್ಧ ಗೊತ್ತಿದ್ದದ್ದು ಒಂದೇ ಉಳಿಯಿತು. ಯಂತ್ರ ಮಾಡಿಕೊಡುತ್ತೇನೆ ಎಂದ. ಸುದ್ದಿ ಹಬ್ಬಿ, ಚಳಿಜ್ವರದವರು, ಬಾಣಂತಿಯರು ತೋಳು ಮುಂದೆ ಚಾಚಿಕೊಂಡು ಸಾಲಾಗಿ ಬಂದು ನಿಂತರು, ಕಟ್ಟಿಸಿಕೊಳ್ಳಲು. ಅವರನ್ನೆಲ್ಲ ಕಳಿಸಿ, ಎಂಥ ಯಂತ್ರ ಎಂದು ಕೇಳಿದೆ.

“ಉಗಿಯಂತ್ರ. ಉಗಿಯಿಂದ ಗಾಲಿ ತಿರುಗುತ್ತೆ, ಗಾಲಿಯಿಂದ ನಿಮ್ಮ ತಿದಿ ಊದುತ್ತೆ.”

“ನಮ್ ರೆನಿಯೇನ ಎಂಟು ವರ್ಷ ಉಗಿದಿದೀನಿ, ಒಂದು ದಿನ ತಿರುಗಿ ನೋಡ್ಲಿಲ್ಲ. ಉಗಿದ್ರೆ ಗಾಲಿ ತಿರುಗುತ್ತಾ?”

ಅವನು ಅಂದು ಮೊದಲ ಸಲ ನಕ್ಕ. ನಗುವುದು ಚೆನ್ನಾಗಿದೆ. ಹಲ್ಲುಗಳಿದ್ದಾವಲ್ಲ, ಅದಕ್ಕೆ.

ದೊಡ್ಡದೊಂದು ಕಂಚಿನ ಪಾತ್ರೆ ಬೇಕು, ಮುಚ್ಚಳ ಬೇಕು, ಆವಿ ನುಗ್ಗಲು ಕೊಳವೆ ಬೇಕು ಎಂದು ನೆಲದ ಮೇಲೆ ಚಿತ್ರ ಬರೆದ. ನನಗೆ ಗೊತ್ತಿರುವ ಅಚ್ಚು ಒಂದೇ, ಗಂಟೆಯದು. ಗಂಟೆಯನ್ನು ಎರೆದು ತಲೆಕೆಳಗು ಮಾಡಿದರೆ ಪಾತ್ರೆ, ಅಷ್ಟೇ ತಾನೆ ಎಂದೆ. ಅವನು ನನ್ನನ್ನೇ ನೋಡುತ್ತ ನಿಂತ. ಹೀಗೆ ಇಬ್ಬರೂ ಸೇರಿ ಮಣ್ಣು ತುಳಿದೆವು, ಮೇಕೆಯ ಕೂದಲು ಬೆರೆಸಿದೆವು, ಕೊಬ್ಬು ಸವರಿದೆವು. (ಈಚೆಗೆ ಕೊಬ್ಬಿನ ವಾಸನೆಗೆ ಹೊಟ್ಟೆ ತೊಳಸುತ್ತದೆ. ವಯಸ್ಸಾಯಿತೇನೋ.)

ಅಚ್ಚು ನಿಂತ ದಿನ ಲಾಂಬೆರ್ ಗುರುಗಳು ಬಂದರು. ಅವರ ಕಿವಿ ನಿನಗೆ ಗೊತ್ತಲ್ಲ. ನಲವತ್ತು ವರ್ಷ ಅಪ್ಪನ ಗಂಟೆಗಳ ಕೆಳಗೇ ನಿಂತು ಪ್ರಾರ್ಥನೆ ಮಾಡಿದವರು, ದೇವರೊಬ್ಬನ ಮಾತು ಬಿಟ್ಟು ಬೇರೆ ಯಾರದೂ ಸರಿಯಾಗಿ ಕೇಳಿಸುವುದಿಲ್ಲ. ಅಚ್ಚನ್ನು ನೋಡಿ ಸಂತೋಷಪಟ್ಟು, ಜ್ಞಾನಸ್ನಾನ ಯಾವತ್ತು ಎಂದರು. ಗಂಟೆಯ ಆಕಾರದ್ದು ಯಾವುದೂ ಸ್ನಾನವಿಲ್ಲದೆ ಈ ಊರಿನಲ್ಲಿ ಸದ್ದು ಮಾಡುವಂತಿಲ್ಲ. ಕೆವಿನ್, ಇದು ಗಂಟೆಯೇ ಅಲ್ಲ ಎಂದು ಬಾಯಿ ತೆರೆದ. ನಾನು ಅವನ ಕಾಲು ತುಳಿದೆ. ಹೇಗೂ ಮಣ್ಣು ತುಳಿದು ಅಭ್ಯಾಸವಾಗಿತ್ತು.

ಸ್ನಾನವೆಂದ ಮೇಲೆ ಹೊಣೆ ನಿಲ್ಲಲು ಜ್ಞಾನತಂದೆ ಬೇಕಲ್ಲ. ಅಂದು ಸಂಜೆ ಗೊಬೇರ್ ಗೋಡೆ ತಟ್ಟಲು ಬಂದಾಗ ನಾನು ಬರೀ ಮಾತಿಗೆ ಹೇಳಿದೆ, ಔಷಧಿ ಅಂಗಡಿಯವನು ಜ್ಞಾನತಂದೆಯಾಗಲು ಒಪ್ಪಿದ್ದಾನೆ, ಅವನ ಹೆಸರು ಕಂಚಿನಲ್ಲಿ ಅಕ್ಷರಕ್ಕೆ ಅಕ್ಷರ ಬರುತ್ತದೆ, ಇನ್ನೈನೂರು ವರ್ಷ ಜನ ಓದುತ್ತಾರೆ ಎಂದು. ಗೊಬೇರ್‌ನ ಮೂಗು ಕೆಂಪಾಯಿತು. “ಸಂಘದ ಯಜಮಾನ ನಾನಿರುವಾಗ ಆ ಬೇರು ಅರೆಯೋನ ಹೆಸರಾ?” ಎಂದ. ಮರುದಿನವೇ ಅವನ ಹೆಸರನ್ನು ಅಚ್ಚಿನಲ್ಲಿ ಹಿಂದುಮುಂದಾಗಿ ಕೊರೆದೆ. ಗಂಟೆಯ ಮೇಲೆ ನೇರವಾಗಿ ಮೂಡಬೇಕಾದರೆ ಅಚ್ಚಿನಲ್ಲಿ ತಿರುಗುಮುರುಗಾಗಿ ಬರೆಯಬೇಕು, ನೀನೂ ನಾನೂ ಅಕ್ಷರ ಕಲಿತದ್ದೇ ಹಾಗಲ್ಲವೇ? ಕಳೆದ ಉಪವಾಸ ಕಾಲದಲ್ಲಿ ನೀನು ಬರೆದ ಆ ಸುದ್ದಿ, ಒಂದೇ ಮಗುವಿನ ಜ್ಞಾನತಂದೆ ಜ್ಞಾನತಾಯಿ ಆದವರು ಮದುವೆಯಾಗಿ ಬಿಷಪ್ಪರು ಅವರನ್ನು ಬೇರೆ ಮಾಡಿದ್ದು, ನನಗೆ ಆ ಹೊತ್ತಿಗೆ ನೆನಪಿತ್ತೋ ಇಲ್ಲವೋ ಈಗ ನೆನಪಿಲ್ಲ.

ಕಂಚನ್ನು ಕೆವಿನ್ ಕೈಯಿಂದಲೇ ಎರೆಸಿದೆ. ಕಳೆದ ಭಾನುವಾರ ಸ್ನಾನ. ನಾನು ಜ್ಞಾನತಾಯಿಯಾಗಲೆಂದೇ ಬಿಳಿ ಬಟ್ಟೆ ಕಟ್ಟಿಕೊಂಡು ನಿಂತಿದ್ದೆ. ಕೆವಿನ್ ಮತ್ತು ಕೋಲಾರ್ ಪಾತ್ರೆಯನ್ನು ಅಡ್ಡೆಯ ಮೇಲೆ ಹೊತ್ತು ಅಂಗಳದ ಒಲೆಯ ಮೇಲಿಟ್ಟು, ಕೊಳವೆಯ ಬಾಯಿಗೆ ಗಾಲಿ ನಿಲ್ಲಿಸಿದರು. ಕಾಯುವ ತಾಳ್ಮೆಯಿಲ್ಲದ ಕೆವಿನ್ ಗುರುಗಳು ಬರುವ ಮೊದಲೇ ನೀರು ತುಂಬಿ ಬೆಂಕಿ ಹಾಕಿಬಿಟ್ಟಿದ್ದ. ಗುರುಗಳು ಬೆಳಿಗ್ಗೆ ರೊಟ್ಟಿಯವನ ಮಗುವಿಗೆ ಸ್ನಾನ ಮಾಡಿಸಿ ಬಂದಿದ್ದರು. ಪುಸ್ತಕದಲ್ಲಿ ಅದೇ ಪುಟ ತೆರೆದಿತ್ತು. ಯಾರೂ ತಿರುವಲಿಲ್ಲ.

ಇದನ್ನು ಇಲ್ಲಿಗೆ ತಂದದ್ದು ಯಾರು ಎಂದು ಗುರುಗಳು ಕೇಳಿದರು. ಭುಜ ನೋಯುತ್ತಿದ್ದ ಕೆವಿನ್ ಎದೆಯುಬ್ಬಿಸಿ ಕೂಗಿದ:

“ನಾನೇ ತಂದೆ.”

“ನೀನೇ ತಂದೆ,” ಎಂದರು ಗುರುಗಳು, ಬೆರಳಿಟ್ಟು ಓದುತ್ತ. “ಒಳ್ಳೇದು. ತಾಯಿ ಯಾರಪ್ಪ?”

ಗಂಟೆಗೆ ಹೆತ್ತವರನ್ನು ಕೇಳುವ ಪದ್ಧತಿ ಎಲ್ಲೂ ಇಲ್ಲ. ನಾನು ತಿದ್ದಬಹುದಿತ್ತು. ಅಪ್ಪನ ಗುಂಡಿಯನ್ನು ನೋಡಿದೆ, ಗೊಬೇರ್‌ನ ಮೂಗನ್ನು ನೋಡಿದೆ, ಕೆವಿನ್‌ನ ಹಲ್ಲುಗಳನ್ನು ನೋಡಿದೆ.

“ನಾನು, ಸ್ವಾಮಿ,” ಎಂದೆ.

ಗೊಬೇರ್‌ಗೆ ಅದೊಂದೂ ಕಿವಿಗೆ ಬೀಳಲಿಲ್ಲ, ಅವನು ಬಗ್ಗಿ ಕಂಚಿನ ಮೇಲಿದ್ದ ತನ್ನ ಹೆಸರನ್ನು ಮೂರನೆಯ ಸಲ ಓದುತ್ತಿದ್ದ. ಗುರುಗಳು ಅವನ ಕೈಯನ್ನು ಪಾತ್ರೆಯ ಮೇಲೆ ಇರಿಸಿ ಗೊಬೆರ್ತಾ ಎಂದು ಹೆಸರಿಟ್ಟರು. ಅಷ್ಟು ಬಿಸಿಯಾದ ಮಗುವನ್ನು ಯಾರೂ ಮುಟ್ಟಿರಲಿಕ್ಕಿಲ್ಲ. ಗೊಬೇರ್ ಚೀರಿದ. ಅದೇ ಹೊತ್ತಿಗೆ ಗೊಬೆರ್ತಾ ಕೂಡ ಕೊಳವೆಯಿಂದ ಚೀರಿದಳು. ಮಗು ಅತ್ತಿತು ಎಂದು ಊರವರು ಶಿಲುಬೆ ಎಳೆದುಕೊಂಡರು. ಗಾಲಿ ಗರ್ರನೆ ಒಂದು ಸುತ್ತು ತಿರುಗಿತು, ಅಷ್ಟರಲ್ಲಿ ಮುಚ್ಚಳ ಹಾರಿ ಗೊಬೇರ್‌ನ ಟೋಪಿಯನ್ನು ಜೊತೆಗೆ ಕರೆದುಕೊಂಡು ನದಿಗೆ ಹೋಯಿತು. ಆಕಾಶದಲ್ಲಿ ಹಾರುವುದು ಹೇಗೆಂದು ಕೆವಿನ್ ಕೊನೆಗೂ ತೋರಿಸಿದಂತಾಯಿತು. ಅವನು ಮಾತ್ರ ಮಸಿ ಮುಖದಲ್ಲೇ ಕುಣಿದ. “ತಿರುಗ್ತು, ಮರೂವಾ, ತಿರುಗ್ತು,” ಎಂದು ನನ್ನ ಎರಡೂ ಕೈ ಹಿಡಿದುಕೊಂಡ. ಎಲ್ಲರ ಮುಂದೆ.

ಊಟಕ್ಕೆ ಕುಳಿತಾಗ ಗೊಬೇರ್, ಬೆಂದ ಕೈಗೆ ಬೆಣ್ಣೆ ಹಚ್ಚಿಸಿಕೊಂಡು, ಮಾರ್ಟಿನರ ಹಬ್ಬಕ್ಕೆ ತನಗೂ ನನಗೂ ಮದುವೆ ಗೊತ್ತುಮಾಡಿ ಎಂದು ಗುರುಗಳ ಕಿವಿಯಲ್ಲಿ ಕೂಗಿದ. ಗುರುಗಳು ಕೈಲಿದ್ದ ಬೀರಿನ ಲೋಟ ಕೆಳಗಿಟ್ಟರು.

“ನಾಚಿಕೆ ಆಗಲ್ವೇನ್ರೀ ಯಜಮಾನ್ರೇ? ಬೆಳಿಗ್ಗೆ ಮಗೂಗೆ ಜ್ಞಾನತಂದೆ ಆದೋರು, ಮಧ್ಯಾಹ್ನ ಅದರ ತಾಯೀನ ಕೇಳ್ತೀರಾ? ಅವಳಿನ್ನು ನಿಮಗೆ ಒಡಹುಟ್ಟಿದ ತಂಗಿ ಇದ್ದಹಾಗೆ.”

“ಸ್ವಾಮಿ, ಅದು ಮಗು ಅಲ್ಲ. ಪಾತ್ರೆ.”

“ಏನು?”

“ಪಾತ್ರೆ, ಪಾತ್ರೆ!”

“ಹೌದ್ರೀ, ಪುತ್ರಿ. ನಾನೂ ಅದನ್ನೇ ಹೇಳ್ತಾ ಇರೋದು.”

ಗೊಬೇರ್ ಎರಡೂ ಕಡೆಯಿಂದ ಸಿಕ್ಕಿಬಿದ್ದಿದ್ದ. ಪಾತ್ರೆ ಎಂದು ಸಾಧಿಸಿದರೆ, ಗಂಜಿ ಪಾತ್ರೆಗೆ ಪವಿತ್ರ ಸ್ನಾನ ಮಾಡಿಸಿದ ಪಾಪ ಅವನ ತಲೆಗೆ. ಗಂಟೆ ಎಂದು ಒಪ್ಪಿದರೆ, ಅದನ್ನು ಎರೆದವನು ಸಂಘದ ಲೆಕ್ಕದಲ್ಲಿ ಗಂಟೆಯ ಕಸುಬಿನವನು, ಒಪ್ಪಿದ ಯಜಮಾನನ ಹೆಸರು ಕಂಚಿನಲ್ಲೇ ಇದೆ. ಗುರುಗಳು ಆಗಲೇ ನಮ್ಮಿಬ್ಬರ ಕಡೆ ತಿರುಗಿದ್ದರು. ತಂದೆ ಇದ್ದಾನೆ, ತಾಯಿ ಇದ್ದಾಳೆ, ಮಗುವಿಗೆ ಸ್ನಾನವೂ ಆಯಿತು, ಮದುವೆ ಎಲ್ಲಿ ಎಂದು ಗದರಿಸಿದರು. ಬರುವ ಭಾನುವಾರದಿಂದಲೇ ಇಗರ್ಜಿಯಲ್ಲಿ ಮದುವೆಗೆಂದು ನಮ್ಮ ಹೆಸರು ಕೂಗುತ್ತಾರಂತೆ, ಹಬ್ಬದೊಳಗೆ ಮುಗಿಸಬೇಕಂತೆ.

ಕೆವಿನ್‌ಗೆ ಇದೆಲ್ಲ ಅರ್ಥವಾಗಲು ಊಟ ಮುಗಿಯಬೇಕಾಯಿತು. ಅರ್ಥವಾದ ಮೇಲೆ, “ನಮ್ಮ ಕಾಲದಲ್ಲಿ ಇದನ್ನೆಲ್ಲ ಮೊದಲು ಕೇಳ್ತಾರೆ” ಎಂದ.

“ನಿನ್ ಕಾಲ ಇನ್ನೂ ಬಂದಿಲ್ಲ,” ಎಂದೆ. ಆಮೇಲೆ, ನ್ಯಾಯವಾಗಿ, ಕೇಳಿಯೂ ಕೇಳಿದೆ. ಬಂದ ದಾರಿ ಮತ್ತೆ ತೆರೆದರೆ ಹೋಗುತ್ತೀಯಾ ಎಂದು. ಅವನು ಗಾಲಿಯನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿದ. ಅಲ್ಲಿ ತನಗೆ ಎಲ್ಲವೂ ಇತ್ತು, ಆದರೆ ತನ್ನ ಕೈಯಾರೆ ಮಾಡಿದ್ದು ಏನೂ ಇರಲಿಲ್ಲ ಎಂದ. ಈಗ ಅವನು ಗಂಟೆ ಎಷ್ಟು ಎಂದು ಕೇಳುವುದನ್ನು ಬಿಟ್ಟಿದ್ದಾನೆ.

ಇದು ಮೋಸವಲ್ಲವೇ ಎಂದು ದೊಡ್ಡಮ್ಮನವರು ಕೇಳಬಹುದು. ಹುಟ್ಟಿದಾಗಿನಿಂದ ಮೋಸಾ ನದಿಯ ನೀರೇ ಕುಡಿದವರು ನಾವು, ಬೇರೆ ನೀರು ಎಲ್ಲಿಂದ ತರೋಣ? ಮದುವೆಗೆ ನಿನ್ನನ್ನು ಕಳಿಸಿಕೊಡಬೇಕೆಂದು ಅವರಲ್ಲಿ ನನ್ನ ಬೇಡಿಕೆ. ಬರುವಾಗ ನಿಮ್ಮ ಮಠದ ಹುಳಿ ಪ್ಲಮ್ ಹಣ್ಣಿನ ಜಾಡಿ ಒಂದು ತಾ. ಎರಡಾದರೂ ಬೇಡವೆನ್ನುವುದಿಲ್ಲ.

ನಿನ್ನ ತಂಗಿ, ಅಪ್ಪನ ಗುಂಡಿಗೆ ಈಗಲೂ ಒಡತಿ,
ಮರೂವಾ

ತಾ. ಕ.: ಇಲ್ಲಿಂದ ಮುಂದಿನದನ್ನು ಅಚ್ಚಿನ ಅಕ್ಷರದಲ್ಲಿ, ತಿರುಗುಮುರುಗಾಗಿ ಬರೆದಿದ್ದೇನೆ. ದೊಡ್ಡಮ್ಮನವರು ಇದು ಗೀಚು ಎಂದು ಮಡಚಿ ನಿನ್ನ ಕೈಗೆ ಕೊಟ್ಟಿರುತ್ತಾರೆ. ನೀರಿನ ಬೋಗುಣಿಗೆ ಹಿಡಿದು ಒಬ್ಬಳೇ ಓದಕ್ಕ. ಲಾಂಬೆರ್ ಗುರುಗಳು ‘ತಾಯಿ ಯಾರು’ ಎಂದು ಕೇಳಿದಾಗ ನನ್ನ ಎದೆ ಧಸಕ್ಕೆಂದದ್ದು ಗಂಟೆಗಾಗಿ ಅಲ್ಲ. ಇವರಿಗೆ ಹೇಗೆ ತಿಳಿಯಿತು ಎಂದು. ಕೊಟ್ಟಿಗೆ ಅಷ್ಟೇನೂ ದೂರವಿಲ್ಲ. ಹುಟ್ಟದವನಿಂದ ಅಪಾಯವಿಲ್ಲ ಎಂದು ಮೇಲೆ ಬರೆದೆನಲ್ಲ, ಅದೊಂದು ಮಾತನ್ನು ಹೊಡೆದುಹಾಕು. ಅಪ್ಪ ಹುಟ್ಟಲು ಇನ್ನೂ ಏಳುನೂರು ವರ್ಷ ಇದ್ದರೂ, ಮಗು ಈಸ್ಟರ್ ಕಳೆದ ಕೂಡಲೇ ಹುಟ್ಟುತ್ತದೆ. ಹೆಣ್ಣಾದರೆ ನಿನ್ನ ಹೆಸರು.