ಗುಂಯ್ ತೆಗೆಯುವ ಪೆಟ್ಟಿಗೆ

೩೦ ಸೆಪ್ಟೆಂಬರ್ ೨೦೦೭, ರವಿವಾರ

ಕ್ಯಾಂಪ್ ಬಡಾವಣೆಯಲ್ಲಿ ಚನ್ನವೀರನ ಬಟ್ಟೆ ಅಂಗಡಿಯ ಮಾಳಿಗೆ. ಎಂದಿನಂತೆ ಪ್ರ್ಯಾಕ್ಟೀಸ್. ಎಂದಿನಂತೆ ಗುಂಯ್. ನಾನು ದಪ್ಪ ಸ್ವರದ ಬೇಸ್ ಗಿಟಾರಿನ ತಂತಿ ಮುಟ್ಟಿದರೆ ಸಾಕು, ಕಿಟಕಿಯ ಗಾಜು ನಡುಗುತ್ತದೆ. ಯಾವುದು ಸ್ವರ, ಯಾವುದು ಬರೀ ಸದ್ದು, ತಿಳಿಯುವುದಿಲ್ಲ. ಮೂರನೇ ಹಾಡಿನ ನಡುವೆ ಚನ್ನವೀರ ಕೈ ಎತ್ತಿ ನಿಲ್ಲಿಸಿದ. ಆರ್ಕೆಸ್ಟ್ರಾ ಅವನದು, ಹಾಡುವವನೂ ಅವನೇ.

"ಸಿದ್ರಾಮಣ್ಣ, ಹಾಡೋ ಧ್ವನೀನ ಮುಳುಗಿ ಹೊಂಟದ. ದಿವಾಳಿ ಪಹಾಟ್ ತನಕ ನೋಡ್ತೀನ್ರಿ. ಸರಿ ಆಗ್ಲಿಲ್ಲಂದ್ರ ಬೇಸ್ ಬಿಟ್ಟ ಬಿಡೂಣು. ಈಗ ಕೀಬೋರ್ಡಿನ್ಯಾಗ ಎಲ್ಲಾ ಬರ್ತದ."

ಕೀಬೋರ್ಡ್ ನುಡಿಸುವ ರಂಜನಾ ತಲೆ ಎತ್ತಲಿಲ್ಲ.

ದಿವಾಳಿ ಪಹಾಟ್ ಎಂದರೆ ಹಬ್ಬದ ನಸುಕಿನಲ್ಲಿ ನಡೆಯುವ ಹಾಡಿನ ಕಾರ್ಯಕ್ರಮ. ಬೇಸ್ ಬಿಡುವುದೆಂದರೆ ನನ್ನನ್ನು ಬಿಡುವುದು. ಅಷ್ಟು ಕನ್ನಡ ನನಗೂ ಬರುತ್ತದೆ. ಆಫೀಸಿನಲ್ಲಿ ಸ್ಟೋರ್ಸ್ ಕ್ಲರ್ಕ್, ಮನೆಯಲ್ಲಿ ಗಂಡ. ರವಿವಾರ ಮಾತ್ರ ನಾನೂ ಏನೋ ಒಂದು. ಅದು ಹೋಗಬಾರದು.

೩ ಅಕ್ಟೋಬರ್

ಸೈಬರ್ ಕೆಫೆ. ಬೇಸ್ ನುಡಿಸುವವರದೇ ಒಂದು ಫೋರಂ ಇದೆ. ಎಲ್ಲಾ ದೇಶದವರಿಗೂ ಇದೇ ಗುಂಯ್! ಒಂಥರಾ ಸಮಾಧಾನ. ಯಾರೋ ಪುಣ್ಯಾತ್ಮ ಒಂದು ಸರ್ಕ್ಯೂಟ್ ಹಾಕಿದ್ದಾನೆ — ಹೈ-ಪಾಸ್ ಫಿಲ್ಟರ್ ಪ್ರೀಆಂಪ್. ಗಿಟಾರ್ ಮತ್ತು ಆಂಪ್ಲಿಫೈಯರ್ ನಡುವೆ ಕೂರುವ ಪುಟ್ಟ ಪೆಟ್ಟಿಗೆ. ತೀರಾ ಕೆಳಗಿನ ಗುಡುಗನ್ನು ತಡೆದು ಅದರ ಮೇಲಿನದನ್ನು ಬಿಡುತ್ತದೆ. ಎಲ್ಲಿಯವರೆಗೆ ತಡೆಯಬೇಕು ಎನ್ನುವುದಕ್ಕೆ ತಿರುಗಿಸುವ ಒಂದು ನಾಬ್. ಪ್ರಿಂಟ್ ತೆಗೆದುಕೊಂಡೆ.

ಶಾಮಲಾಗೆ ವಿವರಿಸಿದೆ. "ಹಿಟ್ಟು ಸಾಣಿಸಿದಂಗ ಅನ್ರಿ," ಎಂದಳು. ಹೆಂಡತಿಗೆ ಅರ್ಧ ನಿಮಿಷ. ನನಗೆ ಅರ್ಧ ದಿನ ಹಿಡಿದಿತ್ತು.

೬ ಅಕ್ಟೋಬರ್, ಶನಿವಾರ

ಬುಧವಾರ ಪೇಠದ ಎಲೆಕ್ಟ್ರಾನಿಕ್ಸ್ ಬಜಾರ್. ಐಸಿ, ಕೆಪಾಸಿಟರ್, ರೆಸಿಸ್ಟರ್, ಜ್ಯಾಕ್, ಬ್ಯಾಟರಿ ಕ್ಲಿಪ್. ಅಂಗಡಿಯವ, "ಕಾಯ್ ಬನವತಾಯ್ ಕಾಕಾ?" ಎಂದ, ಏನು ಮಾಡುತ್ತಿದ್ದೀರಿ ಎಂದು ಮರಾಠಿಯಲ್ಲಿ. "ಸಾಣಿಗೆ" ಎಂದೆ, ಕನ್ನಡದಲ್ಲೇ. ತಲೆಯಾಡಿಸಿ ಕಟ್ಟಿಕೊಟ್ಟ.

ಪೆಟ್ಟಿಗೆಗೆ ಶಾಮಲಾಳ ಅಲ್ಯೂಮಿನಿಯಂ ಡಬ್ಬಿ. ಗರಂ ಮಸಾಲೆಯದು. ಎರಡು ಸಲ ತೊಳೆದರೂ ಲವಂಗದ ವಾಸನೆ ಬಿಡುತ್ತಿಲ್ಲ.

೧೩ ಅಕ್ಟೋಬರ್, ಬೆಳಿಗ್ಗೆ

ಬೆಸುಗೆ ಹಾಕಲು ಕುಳಿತೆ. ಬೋರ್ಡ್ ಹಿಡಿದಿದ್ದ ಎಡಗೈ ಉಂಗುರದ ಬೆರಳು ಮಡಚಿದ್ದು ಬಿಚ್ಚಲಿಲ್ಲ. ಬಲಗೈಯಿಂದ ಎಳೆದಾಗ ಟಿಕ್ ಎಂದು ಬಿಚ್ಚಿಕೊಂಡಿತು. ಬೆಳಿಗ್ಗೆ ಹೀಗಾಗುತ್ತದೆ. ಚಳಿಗೆ ಎಂದೆ.

"ಅಕ್ಟೋಬರ್ ಹೀಟ್‌ನ್ಯಾಗ ಚಳಿ ಎಲ್ಲಿಂದ ಬಂತ್ರಿ?" ಶಾಮಲಾ. ಅವಳ ಭಿಶಿ ಚೀಟಿಯ ಗೆಳತಿಯ ನಾದಿನಿ ಕೈ ಬೆರಳುಗಳ ಡಾಕ್ಟರ್ ಅಂತೆ. ಒಂದು ವರ್ಷದಿಂದ ಇದೇ ಜಪ. ಕೇಳಿಸಲಿಲ್ಲ ಎಂಬಂತೆ ಕುಳಿತೆ. ಅದು ನನಗೆ ಚೆನ್ನಾಗಿ ಬರುತ್ತದೆ.

೧೪ ಅಕ್ಟೋಬರ್

ಮನೆಯಲ್ಲೇ ಪರೀಕ್ಷೆ. ನಾಬ್ ಎಷ್ಟು ತಿರುಗಿಸಿದರೂ ಏನೂ ಬದಲಾಗದು. ಲವಂಗದ ವಾಸನೆಯೊಂದೇ ಲಾಭ.

೧೭ ಅಕ್ಟೋಬರ್

ಸಿಕ್ಕಿತು! ಕೆಪಾಸಿಟರ್ ಮೇಲೆ 103 ಇರಬೇಕಾದಲ್ಲಿ 104. ಕೊನೆಯ ಅಂಕಿ ಎಂದರೆ ಮುಂದೆ ಎಷ್ಟು ಸೊನ್ನೆ ಎಂಬ ಲೆಕ್ಕ. ಅಂದರೆ ಹತ್ತು ಪಟ್ಟು ದೊಡ್ಡದು ಕೂರಿಸಿದ್ದೆ, ಗುಡುಗೆಲ್ಲ ಸಲೀಸಾಗಿ ದಾಟಿ ಹೋಗುತ್ತಿತ್ತು. ಇಡೀ ದಿನ ಪಾರ್ಟ್ ನಂಬರ್ ಓದುವ ಸ್ಟೋರ್ಸ್ ಕ್ಲರ್ಕ್ ನಾನು. ಆಫೀಸಿನಲ್ಲಿ ಯಾರಿಗೂ ಹೇಳುವಂತಿಲ್ಲ.

ಬದಲಾಯಿಸಿದೆ. ಈಗ ಕೆಲಸ ಮಾಡುತ್ತದೆ. ಒಂದೊಂದು ಸ್ವರವೂ ಬಿಡಿ ಬಿಡಿ. ಇಷ್ಟು ಖುಷಿಯಾಗಿ ಬಹಳ ದಿನವಾಗಿತ್ತು.

೨೧ ಅಕ್ಟೋಬರ್, ರವಿವಾರ

ಬರೆಯಬೇಕೋ ಬೇಡವೋ...

ಪೆಟ್ಟಿಗೆ ಒಯ್ದೆ. ಹಾಡು ಶುರು. ಗುಂಯ್ ಇದ್ದಲ್ಲೇ ಇದೆ. ನಾಬ್ ಏರಿಸಿದೆ. ಮತ್ತೆ ಏರಿಸಿದೆ. ನನ್ನ ಬೇಸ್ ತೆಳ್ಳಗಾಗಿ ತಗಡು ಬಡಿದಂತಾಯಿತು. ಆದರೂ ಕೆಳಗೆ ದಪ್ಪ ಸ್ವರ ಇದ್ದೇ ಇದೆ. ಅಂಗೈ ಇಟ್ಟು ತಂತಿಗಳನ್ನು ಪೂರ್ತಿ ನಿಲ್ಲಿಸಿದೆ.

ಸ್ವರ ನಿಲ್ಲಲಿಲ್ಲ. ನನ್ನದೇ ಸ್ವರಗಳು, ನನ್ನದೇ ಜಾಗದಲ್ಲಿ, ನಾನಿಲ್ಲದೆ. ರಂಜನಾಳ ಎಡಗೈ ನುಡಿಸುತ್ತಿತ್ತು.

ಚನ್ನವೀರ ಹಾಡಿನ ನಡುವೆಯೇ ತಿರುಗಿ ಕೂಗಿದ: "ಹಾಂ! ಈಗ ಬರೋಬರಿ ಆತ್ ನೋಡ್ರಿ! ಏನ್ ಮಾಡಿದ್ರಿ ಸಿದ್ರಾಮಣ್ಣ?"

"ಏನೂ ಇಲ್ಲ" ಎಂದೆ. ನಿಜವೇ ಅದು.

೨೮ ಅಕ್ಟೋಬರ್

ಹೋಗಲಿಲ್ಲ. ಕೆಮ್ಮು ಎಂದು ಫೋನ್ ಮಾಡಿದೆ. ಪೆಟ್ಟಿಗೆ ಫ್ರಿಜ್ ಮೇಲಿದೆ. ಸ್ಪೀಕರನ್ನು ಬೈದೆ, ಮಾಳಿಗೆಯನ್ನು ಬೈದೆ. ಒಂದೇ ಬೇಸನ್ನು ಇಬ್ಬರು ನುಡಿಸಿದರೆ ಇನ್ನೇನಾದೀತು, ಗುಂಯ್ ಅನ್ನದೆ.

೩೧ ಅಕ್ಟೋಬರ್

ಸಂಜೆ ರಂಜನಾ ಮನೆಗೇ ಬಂದಳು. ಶಾಮಲಾ ಚಹಾ ಇಟ್ಟು ಒಳಗೆ ಹೋದಳು.

"ಯಾವಾಗಿಂದ?" ಎಂದೆ.

"ಹ್ವಾದ ದಿವಾಳಿ ಪಹಾಟ್‌ನಿಂದ್ರಿ ಕಾಕಾ. ಅವತ್ತು ನಸುಕಿನ್ಯಾಗ ಭಾಳ ಥಂಡಿ ಇತ್ತು. ನಿಮ್ಮ ಬೆರಳು ಸಿಕ್ಕೊಂಡಿದ್ದು ಕಂಡೆ. ಸ್ವರ ಬಿಟ್ಟು ಹೋಗೂದು ಬ್ಯಾಡಂತ ಎಡಗೈ ಹಾಕಿದೆ. ಆಮ್ಯಾಲ ತೆಗೀಲಿಕ್ಕೆ ಧೈರ್ಯ ಆಗ್ಲಿಲ್ರಿ."

"ಚನ್ನವೀರ ಹೇಳಿದ್ನೇನು?"

"ಅವ್ರಿಗೆ ಗೊತ್ತ ಇಲ್ಲ."

"ನನಗರ ಹೇಳಬಾರದಿತ್ತೇನ?"

"ಹೆಂಗ್ ಹೇಳ್ಲಿ ಕಾಕಾ? ನನಗ ತಾಳ ಎಣಿಸಲಿಕ್ಕೆ ಕಲಿಸಿದವರು ನೀವು."

ನನ್ನ ಜಾಗ ಉಳಿಸಲು ಹೋಗಿದ್ದಾಳೆ. ಅದರಿಂದಲೇ ಗುಂಯ್. ಅದರಿಂದಲೇ ನನ್ನ ಜಾಗ ಹೋಗುವ ಹಾಗಾಗಿದೆ. ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ನಾಚಿಕೆಯೂ ಆಯಿತು, ಅದೇ ಹೆಚ್ಚು.

"ಈ ಸಲ ಎಡಗೈ ತೊಡೀ ಮ್ಯಾಲ ಇರ್ಲಿ. ಬಿದ್ರ ನಾನ ಬೀಳ್ತೀನಿ."

ಚಹಾ ಕಪ್ಪನ್ನು ಕೆಳಗಿಟ್ಟಳು. ಆಮೇಲೆ "ಹೂಂ" ಎಂದಳು.

೪ ನವೆಂಬರ್, ರವಿವಾರ

ಸಂಜೆಯ ಪ್ರ್ಯಾಕ್ಟೀಸ್. ಅವಳ ಎಡಗೈ ತೊಡೆಯ ಮೇಲೆ. ನಾನೊಬ್ಬನೇ. ಪೆಟ್ಟಿಗೆಯ ನಾಬ್ ಕಾಲು ಸುತ್ತು. ಸ್ವಚ್ಛ. ಸಂಜೆ ಹೊತ್ತು ಬೆರಳಿಗೂ ಒಳ್ಳೆಯ ಬುದ್ಧಿ ಇರುತ್ತದೆ. ಚನ್ನವೀರ ಮಸಾಲೆ ಡಬ್ಬಿಯನ್ನು ಎತ್ತಿ ಮೂಸಿ ನೋಡಿದ. "ಇದ್ರಾಗ ಏನ್ ಹಾಕೀರಿ?" ಎಂದ. ಎಲ್ಲರೂ ನಕ್ಕರು. ನಾನೂ.

ದಿವಾಳಿ ಪಹಾಟ್ ಮಾತ್ರ ನಸುಕಿನಲ್ಲಿ.

೮ ನವೆಂಬರ್, ಬೆಳಿಗ್ಗೆ ೧೧

ಮನೆಗೆ ಬಂದು ಕುಳಿತಿದ್ದೇನೆ. ನಡೆದದ್ದು ನಡೆದಂತೆ.

ನಸುಕಿನಲ್ಲೆದ್ದು ಎಣ್ಣೆ ಸ್ನಾನ. ಎಡಗೈಯನ್ನು ಬಿಸಿನೀರಲ್ಲಿ ಇಟ್ಟುಕೊಂಡೇ ಕುಳಿತಿದ್ದೆ. ಶಾಮಲಾ ನೋಡಿ ಇನ್ನೊಂದು ತಂಬಿಗೆ ಬಿಸಿನೀರು ಸುರಿದಳು. ಮಗರಪಟ್ಟಾದ ಗಾರ್ಡನ್. ಹಲಗೆಯ ಸ್ಟೇಜ್. ಹೊಸ ಬಟ್ಟೆ, ಮೈಗೆ ಹಚ್ಚುವ ಉಟಣೆ ಪುಡಿಯ ಪರಿಮಳ, ಶಾಲು ಹೊದ್ದ ಜನ. ಥಂಡಿ.

ಮೊದಲ ಹಾಡು ಚೆನ್ನಾಗಿ ಹೋಯಿತು. ಹಲಗೆ ಗುಂಯ್ ಅನ್ನಲಿಲ್ಲ. ಪೆಟ್ಟಿಗೆ ತನ್ನ ಕೆಲಸ ತಾನು ಮಾಡಿತು.

ಎರಡನೆಯದರ ನಡುವೆ ಬೆರಳು ಸಿಕ್ಕಿಕೊಂಡಿತು. ಹಾಡಿನ ಕೆಳಗೆ ಖಾಲಿ. ಮೊದಲಾಗಿದ್ದರೆ ಗುಂಯ್‌ನಲ್ಲಿ ಮುಚ್ಚಿಹೋಗುತ್ತಿತ್ತು. ಈಗ ಎಲ್ಲ ಸ್ಪಷ್ಟ — ನಾನೇ ಮಾಡಿದ ಪೆಟ್ಟಿಗೆಯ ಕೃಪೆ. ಚನ್ನವೀರ ಹಾಡುತ್ತಲೇ ತಿರುಗಿ ನೋಡಿದ. ರಂಜನಾ ನನ್ನನ್ನೇ ನೋಡುತ್ತಿದ್ದಳು. ಎಡಗೈ ತೊಡೆಯ ಮೇಲೆ, ಮುಷ್ಟಿ ಬಿಗಿದಿತ್ತು. ಕಣ್ಣಲ್ಲಿ ನೀರು. ಮಾತು ಕೊಟ್ಟಿದ್ದಳು, ಉಳಿಸಿಕೊಂಡಳು.

ಬೀಳುತ್ತೇನೆ ಎಂದವನು ನಾನು. ಆದರೆ ಬೀಳುತ್ತಿದ್ದದ್ದು ಹಾಡು.

"ಎಡಗೈ ಹಾಕವ್ವಾ" ಎಂದೆ.

ಹಾಕಿದಳು. ನಾನು ನಾಬನ್ನು ಪೂರ್ತಿ ತಿರುಗಿಸಿದೆ. ಕೆಳಗಿನದೆಲ್ಲ ಅವಳಿಗೆ ಬಿಟ್ಟು, ಉಳಿದ ಬೆರಳುಗಳಿಂದ ಮೇಲಿನ ತಂತಿಗಳಲ್ಲಿ ಬಂದಷ್ಟು ನುಡಿಸಿದೆ. ಕೊನೆಯ ಹಾಡಿನವರೆಗೂ ಹಾಗೆಯೇ. ಇಬ್ಬರಿದ್ದೂ ಗುಂಯ್ ಇಲ್ಲ.

ಕೊನೆಗೆ ಚನ್ನವೀರ ಮೈಕಿನಲ್ಲಿ ಎಲ್ಲರ ಹೆಸರು ಹೇಳಿದ. "ಬೇಸ್ ಮ್ಯಾಲ, ನಮ್ಮ ಸಿದ್ರಾಮಣ್ಣ!" ಚಪ್ಪಾಳೆ. ನಾನು ರಂಜನಾಳ ಎಡಗೈ ತೋರಿಸಿದೆ. ಯಾರಿಗೂ ಅರ್ಥವಾಗಲಿಲ್ಲ. ಅವಳು ಅದನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಇಳಿಯುವಾಗ ಚನ್ನವೀರ, "ಡಬ್ಬಿ ಭಾರಿ ಅದ ಬಿಡ್ರಿ. ಮುಂದಿನ ತಿಂಗಳು ಲಗ್ನದ ಪ್ರೋಗ್ರಾಂ ಅದ, ನೀವು ಇರಾಕ ಬೇಕು," ಎಂದ. "ಇಬ್ಬರೂ ಬೇಸ್ ನುಡಿಸ್ತೀವಿ, ನಾನು ಮತ್ತ ರಂಜನಾ. ಒಂದು ವರ್ಷ ಆತು," ಎಂದೆ. ನಗಬೇಕೋ ಬೇಡವೋ ತಿಳಿಯದೆ ನಿಂತ. ನಿಲ್ಲಲಿ.

ಬೆರಳು ಇನ್ನೂ ಮಡಚಿಯೇ ಇದೆ. ತಿಂಗಳಿಡೀ ಬೆಸುಗೆ ಹಾಕಿದೆ, ಕೆಪಾಸಿಟರ್ ಬದಲಾಯಿಸಿದೆ. ಕೆಟ್ಟದ್ದು ಇದೊಂದೇ ಆಗಿತ್ತು.

ಶಾಮಲಾ ಅಡಿಗೆಮನೆಯಲ್ಲಿ ಹಬ್ಬದ ಫರಾಳ ತಿಂಡಿ ಬಡಿಸುತ್ತಿದ್ದಾಳೆ. ಕೂಗಿ ಕೇಳಿದೆ, ಆ ನಾದಿನಿ ಡಾಕ್ಟರ್ ನಂಬರ್ ಇದೆಯಾ ಎಂದು. ಪಾತ್ರೆಯ ಸದ್ದು ನಿಂತಿತು. ಇಲ್ಲಿಗೇ ಬರುತ್ತಿದ್ದಾಳೆ. ಕೈ ತೋರಿಸ್ರಿ ಮೊದಲ, ಆ ಪೆನ್ ಕೆಳಗ ಇಡ್ರಿ ಅಂ—