ಒಂದೇ ತಲೆಯ ಮೇಲೆ ಎರಡು ಆಣೆ

ಮೇ ೭, ಭಾನುವಾರ. ಮಿಡಿಗೇಶಿ

ಬುಧವಾರ ಮತದಾನ. ಪ್ರಚಾರದ ಆಟೋಗಳ ಕೂಗು ಕೇಳಿ ಕೇಳಿ ಸಾಕಾಗಿದೆ. ಈ ಸಲ ಯಾರಿಗೂ ಓಟು ಹಾಕುವುದು ಬೇಡ ಎಂದು ಯಾವತ್ತೋ ತೀರ್ಮಾನಿಸಿದ್ದೆ.

ಇವತ್ತು ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದ ಪಕ್ಷದ ಹೆಂಗಸರು ನೇರ ತೊಟ್ಟಿಲ ಹತ್ತಿರ ಹೋಗಿ, "ಯಶಸ್ವಿನಿ, ನಿದ್ದೆ ಆಯ್ತೇನವ್ವಾ?" ಅಂದರು. ನನ್ನ ಮಗಳ ಹೆಸರು ಇವರಿಗೆ ಹೇಳಿದವರು ಯಾರು? ನಾನು ಒಲೆ ಮೇಲಿನ ಹಾಲು ಇಳಿಸಿ ಬರುವಷ್ಟರಲ್ಲಿ ಅತ್ತೆಯ ಕೈಯನ್ನು ಮಗುವಿನ ತಲೆ ಮೇಲೆ ಇಡಿಸಿ, ಮನೆಯ ಓಟೆಲ್ಲ ತಮಗೇ ಅಂತ ಆಣೆ ಮಾಡಿಸಿಕೊಂಡಿದ್ದರು.

ಅವರು ಹೋದಮೇಲೆ ಅತ್ತೆ ಮೆಲ್ಲಗೆ ಅಂದರು, "ಹೋದ ವಾರ ಬಂದಿದ್ದ ಆ ಕಡೆಯೋರಿಗೂ ಇಂಗೇ ಆಣೆ ಇಟ್ಬುಟ್ಟಿದ್ದೆ ಕಣಮ್ಮ. ಬಾಗ್ಲಿಗೆ ಬಂದೋರ್ಗೆ ಹೆಂಗೆ ಇಲ್ಲ ಅನ್ನದು?"

"ಈಗ ಯಾರಿಗೆ ಹಾಕ್ತೀರಿ?"

"ನೀನೊಂದು ಕಡೆ, ನಾನೊಂದು ಕಡೆ ಹಾಕಿದ್ರೆ ಎರಡು ಆಣೆನೂ ಅರ್ಧರ್ಧ ಆದ್ರೂ ಉಳೀತದೆ."

ನಗು ಬಂತು. ಗೆದ್ದಮೇಲೆ ಅವರ್ಯಾರೂ ಈ ಬೀದಿಗೆ ಬರುವುದಿಲ್ಲ. ತಮ್ಮ ಭರವಸೆಗೆ ಅವರು ಯಾರ ತಲೆಯನ್ನೂ ಮುಟ್ಟಿಲ್ಲ. ಆಣೆ ಮಾತ್ರ ನಮ್ಮ ಮನೆಯಲ್ಲೇ ಉಳಿಯುತ್ತದೆ.

ನಾನು ಇದನ್ನೆಲ್ಲ ನಂಬುವವಳಲ್ಲ. ಆದರೂ ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದು ಮಗಳ ಹಣೆ ಮುಟ್ಟಿ ಬಂದೆ. ತಣ್ಣಗಿದೆ.

ನನ್ನ ಪಾಲಿನ ಓಟು ಯಾವ ಕಡೆಗೆ ಅಂತ ಬೆಳಿಗ್ಗೆ ಅತ್ತೆಯನ್ನು ಕೇಳಬೇಕು.