ಕೆಲಸಕ್ಕೂ ಸೈ, ಆಟಕ್ಕೂ ಸೈ

ಮನೆಯಿಂದ,
ಹದಿನೆಂಟನೇ ತಾರೀಕು, ಭಾನುವಾರ ಮಧ್ಯಾಹ್ನ

ನನ್ನ ಮುದ್ದಿನ ಕಡ್ಡಿಗೆ ಅಮ್ಮನ ಪ್ರೀತಿಯ ನೆನಪುಗಳು.

ಹೇಗಿದ್ದೀಯ? ಬೆಳಿಗ್ಗೆ ಫೋನಿನಲ್ಲೂ ಇದನ್ನೇ ಕೇಳಿದೆ. ನೀನು ಎಂದಿನಂತೆ "ಚೆನ್ನಾಗಿದೀನಿ ಅಮ್ಮ" ಅಂದೆ, ನಿನ್ನ ಹಿಂದೆ ಸಾಲಿನಲ್ಲಿ ನಿಂತವರು "ಬೇಗ ಮುಗಿಸೇ" ಅನ್ನುವುದು ಕೇಳಿಸಿತು, ಹತ್ತು ನಿಮಿಷ ಆಗಿಹೋಯಿತು. ಆದರೂ ಇನ್ನೊಮ್ಮೆ ಕೇಳುತ್ತಿದ್ದೇನೆ. ಕಾಲಿನ ಬೊಬ್ಬೆಗಳು ಒಣಗಿದವೇ? ಹೊಟ್ಟೆ ತುಂಬ ಊಟ ಹಾಕುತ್ತಾರೆಯೇ, ಇಲ್ಲ ಓಡಿಸಿ ಓಡಿಸಿ ಇರುವ ನಾಲ್ಕು ಮೂಳೆಯನ್ನೂ ಸವೆಸುತ್ತಿದ್ದಾರೆಯೇ? ಅರಣ್ಯ ರಕ್ಷಕಿ ಆಗುವವಳು ನೀನು, ಗಾಳಿ ಬೀಸಿದರೆ ಮರಕ್ಕಿಂತ ಮೊದಲು ನೀನೇ ಬಾಗುತ್ತೀಯ. ಇಲ್ಲಿ ನಾವಿಬ್ಬರೂ ಇದ್ದೇವೆ. ಈ ವಾರ ನಿಮ್ಮಪ್ಪನ ಪಾಲಿಗೆ ರಿಪೇರಿಗೆ ಮೂರು ಲಿಫ್ಟು ಬಂದವು. ಒಂದರಲ್ಲಿ ಹಲ್ಲಿನ ಡಾಕ್ಟರೊಬ್ಬರು ಮುಕ್ಕಾಲು ಗಂಟೆ ಸಿಕ್ಕಿಕೊಂಡಿದ್ದರಂತೆ. ಇವರು ಬಾಗಿಲು ಬಿಡಿಸಿ ಹೊರಗೆಳೆದರೆ, ಆ ಮನುಷ್ಯ ಉಪಕಾರಸ್ಮರಣೆ ಅಂತ ಇವರ ಬಾಯಿ ತೆಗೆಸಿ ನೋಡಿ ಮೂರು ಹಲ್ಲು ಹುಳುಕಾಗಿವೆ ಅಂದರಂತೆ. ಅಂದಿನಿಂದ ಇವರು ಸಿಹಿ ಮುಟ್ಟಿಲ್ಲ.

ಬರೆಯುವುದಕ್ಕೆ ಎರಡು ವಿಷಯ ಇದೆ. ಒಂದು, ನೀನು ಫೋನಿನಲ್ಲಿ ಕೇಳಿದೆಯಲ್ಲ, ಆ ಹೊಸ ಮೌಸಿನದು. ಇನ್ನೊಂದು, ನೀನು ಆ ತರಬೇತಿಯಲ್ಲಿ ಇರಬೇಕೋ ಬೇಡವೋ ಎನ್ನುವುದು. ಎರಡನೆಯದನ್ನು ಬರೆಯುವ ಧೈರ್ಯ ಬರಲಿ ಎಂದೇ ಮೊದಲನೆಯದನ್ನು ಎತ್ತಿಕೊಂಡಿದ್ದೇನೆ. ಬೇಜಾರಾದರೂ ಓದು.

ನಮ್ಮ ನಕ್ಷೆ ಆಫೀಸಿನ ಹಳೆಯ ಮೌಸುಗಳು ನಿನಗೆ ಗೊತ್ತಲ್ಲ. ಒಂದು ಸಲ ಒತ್ತಿದರೆ ಎರಡು ಸಲ ಬಡಿಯುವಷ್ಟು ಸವೆದುಹೋಗಿದ್ದವು. ನಾವು ಗಡಿಯ ಪ್ರತಿಯೊಂದು ಮೂಲೆಗೂ ಒಂದೊಂದು ಕ್ಲಿಕ್ ಕೊಟ್ಟು ಗೆರೆ ಎಳೆಯುವವರು, ದಿನಕ್ಕೆ ನಾಲ್ಕು ಸಾವಿರ ಮೂಲೆ. ಒಂದು ಮೂಲೆಯಲ್ಲಿ ಎರಡು ಚುಕ್ಕೆ ಬಿದ್ದರೆ ಆ ಹಾಳೆ ತಿರಸ್ಕಾರವಾಗಿ ವಾಪಸ್ ಬರುತ್ತದೆ. ವೈರಿಲ್ಲದ ಮೌಸ್ ತಂದು ನೋಡಿದರು. ಒಂದಕ್ಕೆ ಬ್ಯಾಟರಿ ಸಾಯುತ್ತಿತ್ತು, ಇನ್ನೊಂದಕ್ಕೆ ಕಾಲು ಬಂದು ಯಾರದೋ ಚೀಲ ಸೇರುತ್ತಿತ್ತು. ಕೊನೆಗೆ ಮೇಲ್ವಿಚಾರಕಿ ಅಗ್ಗದ್ದೊಂದು ವೈರಿನ ಗೇಮಿಂಗ್ ಮೌಸ್ ತಂದು ನನ್ನ ಮೇಜಿನ ಮೇಲಿಟ್ಟು, "ನೀವು ಎಲ್ಲದರಲ್ಲೂ ಹುಳುಕು ಹುಡುಕ್ತೀರ, ಇದರಲ್ಲೂ ಹುಡುಕಿ" ಎಂದರು. ಎರಡು ವಾರ ಬಳಸಿ ಫಾರಂ ತುಂಬಿ ಕೊಡಬೇಕು, ನಾನು ಹೂಂ ಅಂದರೆ ನಲವತ್ತು ಜನಕ್ಕೂ ಅದೇ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ "ಕೆಲಸಕ್ಕೂ ಸೈ, ಆಟಕ್ಕೂ ಸೈ" ಎಂದಿತ್ತು.

ನೋಡಲು ಬೆನ್ನು ಗೂನಾದ ಕಪ್ಪು ಪ್ರಾಣಿ. ಹೊಟ್ಟೆಯಲ್ಲಿ ಏಳು ಬಣ್ಣದ ದೀಪ, ಕಂಪ್ಯೂಟರ್ ಆರಿಸಿದರೂ ಅದು ಆರುವುದಿಲ್ಲ. ಕಣ್ಣಿಗೆ ಚುಚ್ಚಿ ಚುಚ್ಚಿ ಸಾಕಾಗಿ ಎರಡನೇ ದಿನವೇ ಕಪ್ಪು ಟೇಪು ಅಂಟಿಸಿದೆ. ಆದರೆ ಎಡಗುಂಡಿ ಚಿನ್ನ ಕಣೇ. ಒತ್ತಿದ್ದಕ್ಕೆ ಒಂದೇ ಏಟು, ಎರಡು ವಾರದಲ್ಲಿ ಒಂದೂ ಜೋಡಿ ಚುಕ್ಕೆ ಬೀಳಲಿಲ್ಲ. ಅಂಗೈ ಅದರ ಗೂನಿನ ಮೇಲೆ ಆರಾಮಾಗಿ ಕೂರುವುದರಿಂದ ಮಣಿಕಟ್ಟಿನಿಂದ ಮೊಣಕೈಗೆ ಏರುತ್ತಿದ್ದ ನೋವು ಅರ್ಧ ಇಳಿಯಿತು, ಕಿರುಬೆರಳಿಗೆ ಮಾತ್ರ ಜಾಗವಿಲ್ಲ, ಅದು ಮೇಜಿನ ಮೇಲೆ ತೆವಳುತ್ತದೆ. ಹೆಬ್ಬೆರಳಿನ ಹತ್ತಿರ ಎರಡು ಗುಂಡಿ ಇವೆ, ಒಂದಕ್ಕೆ "ಹಿಂದಿನ ಚುಕ್ಕೆ ಅಳಿಸು" ಎಂದು ಹೇಳಿಕೊಟ್ಟಿದ್ದೇನೆ, ಅದು ಬಹಳ ಉಪಯೋಗ. ವೈರಿಗೆ ದಾರ ಹೆಣೆದ ಹೊದಿಕೆ, ಗಟ್ಟಿ, ಆದರೆ ಡಬ್ಬದೊಳಗೆ ಮಡಿಚಿಟ್ಟ ಮಡಿಕೆ ಹೋಗುವುದೇ ಇಲ್ಲ, ಮೇಜಿನ ಅಂಚಿಗೆ ತಾಕಿ ಕೈಯನ್ನು ಹಿಂದಕ್ಕೆ ಜಗ್ಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಚಕ್ರದ ಹಿಂದಿನ ವೇಗದ ಗುಂಡಿ. ಬೆರಳು ತಾಕಿದರೆ ಸಾಕು, ಪರದೆಯ ಮೇಲೆ ಗೇಣು ಸರಿಯಬೇಕಾದ ಬಾಣ ಮಾರುದ್ದ ಹಾರುತ್ತದೆ. ಒಂದು ದಿನ ಹಾಗೆ ಹಾರಿ ಒಂದು ಕಾಡಿನ ಗಡಿ ಕೆರೆಯ ನಡುವೆ ಹೊಕ್ಕಿತು, ಅದನ್ನು ಹೊರಗೆಳೆಯಲು ಅರ್ಧ ದಿನ ಹೋಯಿತು.

ಫಾರಮ್ಮಿನಲ್ಲಿ ವೈರಿನ ಉದ್ದ ಎಂಬ ಕಲಂ ಇತ್ತು. ಅಳತೆಪಟ್ಟಿ ತಂದು ಅಳೆದೆ. ಒಂದೂಮುಕ್ಕಾಲು ಮೀಟರು. ನಗಬೇಡ, ಅಳೆದ ಮೇಲೆ ಅಳು ಬಂತು. ಹತ್ತೊಂಬತ್ತು ವರ್ಷದಿಂದ ಆ ಕಿಟಕಿಯಿಲ್ಲದ ಕೋಣೆಯಲ್ಲಿ ನಾನು ಅದಕ್ಕಿಂತ ದೂರ ಹೋಗಿಲ್ಲ. ಬಾಗಿಲು ಕಾರ್ಡು ತೋರಿಸದೆ ತೆರೆಯುವುದಿಲ್ಲ, ನಾಲ್ಕು ನಿಮಿಷ ಕ್ಲಿಕ್ ನಿಂತರೆ ಹೆಸರಿನ ಮುಂದೆ ಕೆಂಪು ಗುರುತು ಬೀಳುತ್ತದೆ. ಪಕ್ಕದ ಕುರ್ಚಿಯವಳು ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ವರ್ಷವಾಯಿತು, ನಾವೆಲ್ಲ ಅವಳನ್ನು ಪಟ್ಟಿಯಮ್ಮ ಅಂತಲೇ ಕರೆಯುತ್ತೇವೆ. ನಾಲ್ಕು ನಿಮಿಷ ಸಾಲುವುದಿಲ್ಲ ಎಂದು ಮೇಲಿನವರಿಗೆ ಹೇಳಬೇಕೆಂದು ಎಲ್ಲರೂ ಅನ್ನುತ್ತಾರೆ, ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಕೊನೆಯ ಕಲಂ "ಆಟ". ಪಟ್ಟಿಯಮ್ಮ "ಒಂದು ಗೀಟು ಎಳೆದುಬಿಡೇ, ನಮಗ್ಯಾಕೆ ಆಟ" ಅಂದಳು. ಆದರೆ ನನ್ನ ಬುದ್ಧಿ ನಿನಗೆ ಗೊತ್ತು. ಖಾಲಿ ಕಲಂ ಬಿಟ್ಟ ಹಾಳೆ ನನ್ನ ಕೈಯಿಂದ ಇದುವರೆಗೆ ಹೋಗಿಲ್ಲ, ಆಡದೆ ಆಡಿದೆ ಅಂತ ಬರೆದೂ ಇಲ್ಲ. ಅದಕ್ಕೇ ಮೇಲ್ವಿಚಾರಕಿಯನ್ನು ಕೇಳಿ ಮೌಸನ್ನು ಮನೆಗೆ ತಂದೆ, ಶುಕ್ರವಾರ ಸಂಜೆ ನಿನ್ನ ಕಂಪ್ಯೂಟರಿಗೆ ಚುಚ್ಚಿದೆ, ನಿನ್ನ ಕೋಟೆಯ ಆಟ ತೆರೆದೆ. ನಾನು ಯಾವ ಬೀಗವನ್ನೂ ಒಡೆಯಲಿಲ್ಲ, ಅದು ನನ್ನನ್ನು ನೀನೇ ಅಂದುಕೊಂಡು ಒಳಗೆ ಬಿಟ್ಟಿತು. ಹೋಗಿ ನಿಂತೆನೋ ಇಲ್ಲವೋ, ನಿನ್ನ ತಂಡದವರು "ಕಡ್ಡಿ ಬಂದ್ಲು, ಕಡ್ಡಿ ಬಂದ್ಲು" ಎಂದು ಬರೆಯತೊಡಗಿದರು. ನನಗೆ ಗಾಬರಿಯಾಗಿ ಒಂದು ಉಗ್ರಾಣಕ್ಕೆ ನುಗ್ಗಿದೆ, ಆಮೇಲೆ ಬಾಗಿಲೇ ಸಿಗಲಿಲ್ಲ. ಹದಿನೈದು ನಿಮಿಷ ಗೋಡೆಗೆ ಮುಖ ಮಾಡಿಕೊಂಡು ನಡೆದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಮೌಸಿನದೇ ತಪ್ಪು ಅಂದುಕೊಂಡೆ. ಕೊನೆಗೆ ಗೂಬೆ ಎಂಬ ಹೆಸರಿನವನು ಒಳಗೆ ಬಂದು "ನನ್ನ ಹಿಂದೆ ಬಾ" ಎಂದು ಹೊರಗೆ ಕರೆದುಕೊಂಡು ಹೋದ. ಒಳ್ಳೆಯ ಹುಡುಗ ಅನ್ನಿಸಿತು.

ಒಂದು ಸಂಜೆಯ ಆಟಕ್ಕೆ ಏನು ಷರಾ ಬರೆಯುವುದು ಎಂದು ನಿನ್ನೆ ಮಧ್ಯಾಹ್ನ ಮತ್ತೆ ಕೂತೆ. ಈ ಸಲ ಗುರಿ ಚೆನ್ನಾಗಿ ಬಿತ್ತು, ನಾಲ್ಕು ಸಾವಿರ ಮೂಲೆ ಹೊಡೆಯುವ ಕೈಯಲ್ಲವೇ, ಏಳು ಜನ ಕಳ್ಳರನ್ನು ಬೀಳಿಸಿ ಹಿಗ್ಗುತ್ತಿದ್ದೆ. ಅಷ್ಟರಲ್ಲಿ ಗೂಬೆ ನಿನಗೊಬ್ಬಳಿಗೇ ಕಾಣುವಂತೆ ಬರೆದ, "ಮತ್ತೆ ರಜೆಗೆ ಬಂದ್ಯಾ? ಅಮ್ಮಂಗೆ ಹೇಳಿದ್ಯಾ?" ನಾನು "ಏನು" ಅಂತ ಬರೆದೆ. "ಏನು ಅಂತೀಯಲ್ಲ, ಬಿಟ್ಟು ಬರ್ತೀನಿ ಅಂದಿದ್ದು. ಇಪ್ಪತ್ತೈದನೇ ತಾರೀಕು ದಾಟಿದ್ರೆ ಆಮೇಲೆ ಎರಡು ವರ್ಷ ಬಿಡಲ್ಲ ಅಂದಿದ್ದೆ."

ಆಗಲೇ ನಾನು ಯಾರೆಂದು ಹೇಳಬೇಕಿತ್ತು. ಹೇಳಲಿಲ್ಲ. "ಇನ್ನೂ ಇಲ್ಲ" ಎಂದು ನಿನ್ನ ಹೆಸರಿನಲ್ಲಿ ಬರೆದೆ. ಇದಕ್ಕೆ ನೀನು ಎಷ್ಟು ಬೈದರೂ ಬೈಸಿಕೊಳ್ಳುತ್ತೇನೆ, ನಿನ್ನ ವೇಷ ಹಾಕಿ ನಿನ್ನ ಗುಟ್ಟು ಕದ್ದೆ. ಪಾಪ ಅವನು ಬರೆಯುತ್ತಲೇ ಹೋದ. ನಾಲ್ಕು ದಿನದ ರಜೆಗೆ ಬಂದಾಗ ನೀನು ಅವನಿಗೆ ಹೇಳಿದ್ದೆಯಂತೆ, ಮಂಡಿ ಊದಿದ್ದನ್ನು ಅಲ್ಲಿ ಯಾರಿಗೂ ತೋರಿಸುತ್ತಿಲ್ಲ ಎಂದು. ಬೆಳಿಗ್ಗೆ ತಲೆ ಎಣಿಸುವ ಮೊದಲು ಬಚ್ಚಲಿನಲ್ಲಿ ಅತ್ತು ಮುಖ ತೊಳೆದುಕೊಂಡು ಬರುತ್ತೀಯ ಎಂದು. ಭಾನುವಾರ ಫೋನಿನ ಸಾಲಿನಲ್ಲಿ ನಿಂತು "ಚೆನ್ನಾಗಿದೀನಿ ಅಮ್ಮ" ಎನ್ನುವುದನ್ನು ಮೆಲ್ಲಗೆ ಏಳೆಂಟು ಸಲ ಹೇಳಿಕೊಂಡು ದನಿ ಸರಿಮಾಡಿಕೊಳ್ಳುತ್ತೀಯ ಎಂದು. ಕೊನೆಗೆ "ನಾನು ಅವಳ ಅಮ್ಮ" ಎಂದು ಬರೆದೆ. ಆಮೇಲೆ "ನಮಸ್ಕಾರ ಆಂಟಿ" ಎಂದು ಬಂತು. ಅದರ ಹಿಂದೆಯೇ "ಅವಳನ್ನ ಬೈಬೇಡಿ. ಫಾರಂ ಅವಳ ಹೆಡ್‌ಫೋನ್ ಡಬ್ಬದಲ್ಲಿದೆ" ಎಂದು ಬಂತು.

ಡಬ್ಬ ತೆಗೆದು ನೋಡಿದೆ. ತರಬೇತಿ ಬಿಡಲು ಪೋಷಕರ ಒಪ್ಪಿಗೆ. ನಿನ್ನ ಸಹಿ ಇತ್ತು, ಅದರ ಕೆಳಗಿನ ಗೆರೆ ಖಾಲಿ. ಆಗ ನೆನಪಾಯಿತು, ರಜೆ ಮುಗಿಸಿ ಹೊರಡುವ ದಿನ ನೀನು ಏನೋ ಹಿಡಿದುಕೊಂಡು ಅಡುಗೆಮನೆ ಬಾಗಿಲಿನಲ್ಲಿ ನಿಂತಿದ್ದೆ, ನಾನು "ಅಡ್ಡ ನಿಲ್ಲಬೇಡ, ಬಸ್ಸು ತಪ್ಪುತ್ತೆ" ಅಂದಿದ್ದೆ. ಕಣ್ಣಿದ್ದೂ ಕುರುಡಿ ನಾನು.

ಸುಳ್ಳು ಯಾಕೆ ಹೇಳಲಿ, ಮೊದಲು ಬಂದದ್ದು ಸಿಟ್ಟೇ. ಇಡೀ ಬೀದಿಗೆ ಹೇಳಿಕೊಂಡು ತಿರುಗಿದ್ದೇನೆ, ನನ್ನ ಮಗಳು ಕಾಡು ಕಾಯುತ್ತಾಳೆ ಎಂದು. ಸಮವಸ್ತ್ರದಲ್ಲಿ ನಿಂತ ನಿನ್ನ ಫೋಟೋ ಆಫೀಸಿನ ಮೇಜಿನ ಮೇಲಿದೆ. ನಿನ್ನ ಚಿಕ್ಕಮ್ಮ "ಆ ಕಡ್ಡಿ ಆರು ತಿಂಗಳು ನಿಂತರೆ ನನ್ನ ಹೆಸರು ಬೇರೆ ಕರಿ" ಅಂದದ್ದಕ್ಕೆ ಎರಡು ತಿಂಗಳು ಅವಳ ಜೊತೆ ಮಾತು ಬಿಟ್ಟಿದ್ದೆ. ಈಗ ಬಂದುಬಿಡು ಎಂದರೆ ಅವಳ ಮಾತೇ ಗೆದ್ದಂತೆ, ಇರು ಎಂದರೆ ನಿನ್ನ ಮಂಡಿ ಕಣ್ಣಿಗೆ ಕಟ್ಟುತ್ತದೆ. ಅಡಕತ್ತರಿಯಲ್ಲಿ ಸಿಕ್ಕ ಹಾಗಾಗಿದೆ ನನಗೆ. ಆ ಕಾಡಿನ ಗಡಿಗಳನ್ನೆಲ್ಲ ನಾನು ಬೆರಳಲ್ಲೇ ಎಳೆದವಳು, ಒಂದು ದಿನವೂ ಅಲ್ಲಿ ಕಾಲಿಟ್ಟವಳಲ್ಲ. ನನ್ನ ಮಗಳಾದರೂ ಅದರ ಮೇಲೆ ನಡೆಯಲಿ, ನನ್ನ ಕುರ್ಚಿ ಅವಳಿಗೆ ಬರದಿರಲಿ ಎಂದುಕೊಂಡೆ. ಅಷ್ಟೇ ಕಣೇ, ಕೇಡು ಬಗೆಯಲಿಲ್ಲ. ಆದರೆ ನಿನಗೆ ಬೇಕೇ ಎಂದು ಒಂದು ಮಾತು ಕೇಳಲಿಲ್ಲ. ನಾನು ಕೂತ ಕೋಣೆಯಿಂದ ತಪ್ಪಿಸಲು ಹೋಗಿ ನಿನ್ನನ್ನು ಇನ್ನೊಂದರಲ್ಲಿ ಕೂಡಿಹಾಕಿದೆ.

ನಿಮ್ಮಪ್ಪನಿಗೆ ಎಲ್ಲ ಹೇಳಿದೆ. ಅವರು ಕೂಗಾಡಲಿಲ್ಲ, ಸ್ಪ್ಯಾನರು ಒರೆಸುತ್ತಾ ಕೂತಿದ್ದರು. ಆಮೇಲೆ "ಲಿಫ್ಟಲ್ಲಿ ಸಿಕ್ಕಿಕೊಂಡು ಬೊಬ್ಬೆ ಹೊಡೆಯೋರು ಗಟ್ಟಿ ಇರ್ತಾರೆ. ಪರವಾಗಿಲ್ಲ, ಆರಾಮಾಗಿದೀನಿ ಅಂತಾರಲ್ಲ, ಅವರ ಕೈ ಮುಟ್ಟಿದ್ರೆ ತಣ್ಣಗೆ ಕೊರೀತಿರುತ್ತೆ. ನಾವು ಅವರ ಮಾತು ಕೇಳ್ಕೊಂಡು ಕೂರಲ್ಲ" ಎಂದರು. ಇಷ್ಟು ಹೇಳಿ ಎದ್ದು ಹೋದರು, ಏನು ಮಾಡಬೇಕು ಅಂತ ಹೇಳಲಿಲ್ಲ. ಬೆಳಿಗ್ಗೆ ನೀನು ಫೋನ್ ಮಾಡುವ ಹೊತ್ತಿಗೆ ನನಗೆ ಎಲ್ಲ ಗೊತ್ತಿತ್ತು. ನಿನ್ನ ಆ ಒಂದು ಮಾತು ಎಷ್ಟು ಚೆನ್ನಾಗಿ ಬಂತು ಗೊತ್ತಾ, ಒಂದಿಷ್ಟೂ ನಡುಗಲಿಲ್ಲ. ನಾನು ಬಾಯಿ ತೆರೆದೆ, ಆದರೆ ನಿನ್ನ ಹಿಂದೆ ಅಷ್ಟು ಜನ ನಿಂತಿದ್ದರು, ಆಫೀಸಿನಲ್ಲಿ ಹೊಸ ಮೌಸ್ ಕೊಟ್ಟಿದ್ದಾರೆ ಅಂತ ಏನೋ ಹೇಳಿಬಿಟ್ಟೆ. ನೀನೂ ಆಸೆಯಿಂದ "ಹೇಗಿದೆ, ಪೂರ್ತಿ ಬರೀ" ಅಂದೆ. ನಾವಿಬ್ಬರೂ ಎಂಥ ಜಾಣೆಯರು ನೋಡು.

ಫಾರಂ ನನ್ನ ಮುಂದೆಯೇ ಇದೆ. ಹೇಗಾದರೂ ತಡಕೋ ಎಂದು ಬರೆಯಬೇಕು ಅನ್ನಿಸುತ್ತದೆ, ಈಗಲೇ ಬಂದುಬಿಡು ಎಂದು ಬರೆಯಬೇಕು ಅನ್ನಿಸುತ್ತದೆ. ಎರಡನ್ನೂ ಬರೆಯಲಾಗುತ್ತಿಲ್ಲ. ಮಂಡಿಗೆ ಬಿಸಿನೀರಿನ ಶಾಖ ಕೊಡು, ಯಾರಿಗಾದರೂ ತೋರಿಸು, ಇದೊಂದನ್ನಾದರೂ ನನ್ನ ಮಾತು ಕೇಳು. ನಿನ್ನ ಪಕ್ಕದ ಮಂಚದ ಹುಡುಗಿಗೆ ನನ್ನ ನೆನಪು ತಿಳಿಸು. ನೀನು ಎಲ್ಲಿದ್ದರೂ ನಿನ್ನ ಜೀವ ತಣ್ಣಗಿರಲಿ, ನನ್ನ ಕೂಸೇ.

ಇಂತಿ ನಿನ್ನ
ಅಮ್ಮ

ಮ.ಮಾ.: ಇವತ್ತು ಮಂಗಳವಾರ. ಕಾಗದವನ್ನು ಅಂಚೆಗೆ ಹಾಕಲಿಲ್ಲ. ಆಫೀಸಿಗೆ ರಜೆ ಹೇಳಿ ಬೆಳಗಿನ ಬಸ್ಸು ಹಿಡಿದು ಬಂದೆ, ನಿಮ್ಮ ಗೇಟಿನ ಎದುರಿನ ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತು ತೊಡೆಯ ಮೇಲಿಟ್ಟು ಗೀಚುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಅದಕ್ಕೇ. ಕಾವಲಿನವರು ನನ್ನನ್ನು ಒಳಗೆ ಬಿಡುವುದಿಲ್ಲ, ಕಾಗದ ಬೇಕಾದರೆ ಕೊಡುತ್ತೇವೆ ಅಂದಿದ್ದಾರೆ. ಫಾರಂ ಇದರ ಜೊತೆಗಿದೆ. ನಾನು ಸಹಿ ಹಾಕಿದ್ದೇನೆ, ತಾರೀಕು ನೀನೇ ಬರೆದುಕೋ. ಇಲ್ಲಮ್ಮ, ಇರುತ್ತೇನೆ ಅನ್ನಿಸಿದರೆ ಹರಿದು ಹಾಕು, ಯಾಕೆ ಅಂತ ಕೇಳುವುದಿಲ್ಲ. ವಾಪಸು ಬಸ್ಸು ಐದೂವರೆಗೆ. ಅದು ತಪ್ಪಿದರೆ ನಾಳಿನದಕ್ಕೆ ಹೋಗುತ್ತೇನೆ, ನನಗೇನೂ ಅವಸರವಿಲ್ಲ. ಟಿಕೆಟ್ ಒಂದು ತೆಗೆಸಲೋ ಎರಡು ತೆಗೆಸಲೋ, ಗೇಟಿನ ಹತ್ತಿರ ಬಂದು ಹೇಳು.